‘ಸಿಡಿ20 ಪಾಸಿಟಿವ್’: ಕನ್ನಡದಲ್ಲಿ ಏನೆನ್ನೋಣ?

ಲಿಂಫೋಮಾ (ದುಗ್ಧವ್ಯವಸ್ಥೆಯ ಕ್ಯಾನ್ಸರ್) ರೋಗಿಗಳಿಗೆ ಬಯಾಪ್ಸಿ ವರದಿಯನ್ನು ಬಿಡಿಸಿ ಹೇಳುವ ಬರಹವೊಂದನ್ನು ಬರೆಯುತ್ತಿದ್ದೇನೆ. ‘ಪಾಸಿಟಿವ್’ ಎಂಬಲ್ಲಿ ಪೆನ್ನು ನಿಂತಿದೆ.

ಸಂದರ್ಭ ಇದು. ಊದಿಕೊಂಡ ದುಗ್ಧಗ್ರಂಥಿಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದ ಬ್ಲಾಕ್ ಮಾಡಿ, ಮೂರ್ನಾಲ್ಕು ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ ಸ್ಲೈಡಿಗೆ ಹತ್ತಿಸುತ್ತಾರೆ. ಬಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಮೇಲೆ ಸಿಡಿ20 ಎಂಬ ಪ್ರೋಟೀನು ಇರುತ್ತದೆ; ಅದಕ್ಕೆ ಅಂಟುವ ಪ್ರತಿಕಾಯವನ್ನು (ಆಂಟಿಬಾಡಿ) ಸ್ಲೈಡಿನ ಮೇಲೆ ಹಾಕುತ್ತಾರೆ. ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡುತ್ತಾರೆ. ಕೋಶಕೇಂದ್ರಗಳಿಗೆ ಹೆಮಟಾಕ್ಸಿಲಿನ್‌ನ ನೀಲಿ. ಬಿ ಕೋಶವಾಗಿದ್ದರೆ ನೀಲಿ ಚುಕ್ಕೆಯ ಸುತ್ತ ಕಂದು ಅಂಚು ಕಾಣುತ್ತದೆ. ಪಾಸಿಟಿವ್ ಅಂದರೆ ಇಷ್ಟೇ.

ಆದರೆ ಕೋವಿಡ್ ಆದಮೇಲೆ ಆ ಪದ ಕಿವಿಗೆ ಬಿದ್ದರೆ ಸಾಕು, ‘ರೋಗ ಇದೆ’ ಎಂದೇ ಜನ ತಿಳಿಯುತ್ತಾರೆ. ಆರೋಗ್ಯವಂತರ ಬಿ ಕೋಶಗಳಲ್ಲೂ ಸಿಡಿ20 ಇರುತ್ತದೆ. ಅದು ಹೇಳುವುದು ಕೋಶದ ಕುಲವನ್ನು. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನಲ್ಲ. ‘ಧನಾತ್ಮಕ’ವಂತೂ ಇಲ್ಲಿ ಬೇಡವೇ ಬೇಡ. ‘ಬಣ್ಣ ಹಿಡಿದಿದೆ’ ಎಂದರೆ ಹೇಗೆ? ಎಲ್ಲಿ ಹಿಡಿದಿದೆ ಎಂದೂ ಸಲೀಸಾಗಿ ಹೇಳಬಹುದು: ಸಿಡಿ20 ಕೋಶಪೊರೆಯಲ್ಲಿ, ಬಿ ಕೋಶದ ಇನ್ನೊಂದು ಗುರುತಾದ ಪ್ಯಾಕ್ಸ್5 ಪ್ರೋಟೀನು ಕೋಶಕೇಂದ್ರದಲ್ಲಿ. ಕ್ಲಾಸಿಕ್ ಹಾಡ್ಜ್‌ಕಿನ್ ಲಿಂಫೋಮಾದ ರೀಡ್-ಸ್ಟರ್ನ್‌ಬರ್ಗ್ ಎಂಬ ಕ್ಯಾನ್ಸರ್ ಕೋಶಗಳಲ್ಲಿ ಪ್ಯಾಕ್ಸ್5 ಸಾಮಾನ್ಯವಾಗಿ ‘ಮಸುಕಾಗಿ ಬಣ್ಣ ಹಿಡಿಯುತ್ತದೆ’. ಪೆಥಾಲಜಿಸ್ಟರು ಆ ಮಸುಕನ್ನೇ ಹುಡುಕುತ್ತಾರೆ. ಅದನ್ನು ‘ದುರ್ಬಲ ಪಾಸಿಟಿವ್’ ಎಂದು ಬರೆದರೆ ಓದಿದವರು ರೋಗವೇ ಹಗುರದ್ದು ಅಂದುಕೊಂಡಾರು.

‘ಪ್ರತಿಕಾಯ’ದ ತೊಡಕು ಇನ್ನೂ ದೊಡ್ಡದು. ಶಾಲೆಯ ಪುಸ್ತಕ ಓದಿದವರಿಗೆ ಅದು ಮೈಯೇ ತಯಾರಿಸುವ ರಕ್ಷಣೆ. ಸ್ಲೈಡಿಗೆ ಹಾಕುವುದು ಹೊರಗೆ ತಯಾರಾಗಿ ಸೀಸೆಯಲ್ಲಿ ಬಂದದ್ದು. ಲ್ಯಾಬಿನಲ್ಲಿ ‘ಸಿಡಿ20 ಹಾಕಿ’ ಅಂದರೆ ಈ ಸೀಸೆಯದು, ‘ಸಿಡಿ20 ಇದೆ’ ಅಂದರೆ ಕೋಶದ ಮೇಲಿನ ಪ್ರೋಟೀನು. ಸಾಲದ್ದಕ್ಕೆ, ಚಿಕಿತ್ಸೆಗೆ ಕೊಡುವ ರಿಟಕ್ಸಿಮ್ಯಾಬ್ ಕೂಡ ಸಿಡಿ20ಕ್ಕೆ ಅಂಟುವ ಪ್ರತಿಕಾಯವೇ. ಆ ಔಷಧ ಪಡೆದವರ ಎರಡನೇ ಬಯಾಪ್ಸಿಯಲ್ಲಿ ಸಿಡಿ20 ಕಾಣದೇ ಹೋಗಬಹುದು; ಆಗ ಪ್ಯಾಕ್ಸ್5, ಸಿಡಿ79ಎ ಎಂಬಂಥ ಬೇರೆ ಗುರುತುಗಳನ್ನು ನೋಡಿಯೇ ಬಿ ಕೋಶವೆಂದು ಗುರುತಿಸಬೇಕು. ಇಷ್ಟನ್ನೂ ಒಂದೇ ಪುಟದಲ್ಲಿ ಹೇಳಬೇಕಾದಾಗ ಬರೀ ‘ಸಿಡಿ20’, ಬರೀ ‘ಪ್ರತಿಕಾಯ’ ಎಂದರೆ ಓದುಗರು ದಿಕ್ಕು ತಪ್ಪುತ್ತಾರೆ.

ಸದ್ಯಕ್ಕೆ ಕೋಶದ ಮೇಲಿನದಕ್ಕೆ ‘ಗುರುತು ಪ್ರೋಟೀನು’, ಸೀಸೆಯದಕ್ಕೆ ‘ಪತ್ತೆ ಪ್ರತಿಕಾಯ’, ಔಷಧಕ್ಕೆ ‘ಚಿಕಿತ್ಸಾ ಪ್ರತಿಕಾಯ’ ಎಂದಿಟ್ಟಿದ್ದೇನೆ. ‘ಪತ್ತೆ ಪ್ರತಿಕಾಯ’ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ. ಲ್ಯಾಬುಗಳಲ್ಲಿ, ವಾರ್ಡುಗಳಲ್ಲಿ ಕನ್ನಡದಲ್ಲೇ ಮಾತಾಡುವವರು ಏನನ್ನುತ್ತೀರಿ? ಧಾರವಾಡ, ಬೆಳಗಾವಿ ಕಡೆಯವರಿಗೆ ‘ಬಣ್ಣ ಹಿಡಿದಿದೆ’ಗಿಂತ ‘ಬಣ್ಣ ಹತ್ತಿದೆ’ ಸಹಜವೆನಿಸುತ್ತದೆಯೇ, ಅದನ್ನೂ ತಿಳಿಸಿ.