ಪದಚರ್ಚೆ: ‘ಗೆಲ್ಲುತ್ತಿದ್ದ’ ಎನ್ನಬೇಕೋ, ‘ಗೆದ್ದಾನು’ ಎನ್ನಬೇಕೋ?

ಬಾಕ್ಸಿಂಗ್ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. 175 ಪೌಂಡ್ ತೂಕಮಿತಿಯ, ಬೇರೆ ಬೇರೆ ತಲೆಮಾರಿನ ಬಾಕ್ಸರ್‌ಗಳನ್ನು ಊಹೆಯಲ್ಲಿ ಎದುರುಬದುರು ನಿಲ್ಲಿಸಿ, ಯಾರ ಕೈ ಮೇಲಾದೀತೆಂದು ವಾದಿಸುವ ಲೇಖನವದು. ಆ ತೂಕದ ವಿಭಾಗವನ್ನು ‘ಲಘು ಗುರುಭಾರ’ ಎಂದು ಬರೆದು ನೋಡಿದಾಗ ಛಂದಸ್ಸಿನ ಪಾಠ ನೆನಪಾಗಿ ನಾನೇ ನಕ್ಕೆ. ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಲೈಟ್ ಹೆವಿವೇಟ್’ ಅನ್ನೇ ಉಳಿಸಿಕೊಂಡೆ. ಊಹೆಯ ಪಂದ್ಯಕ್ಕೆ ‘ಕಾಲ್ಪನಿಕ ಮುಖಾಮುಖಿ’ ಎಂಬುದು ಸಪ್ಪೆಯೆನಿಸಿತು. ಮೈಸೂರಿನ ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ‘ಜೋಡಿ ಕಟ್ಟುವ’ ಪದ್ಧತಿಯಿದೆಯಲ್ಲ, ಅಲ್ಲಿಂದ ‘ಊಹೆಯ ಜೋಡಿ’ ಎಂದು ಮಾಡಿಕೊಂಡೆ.

ನಾಮಪದ ಹೀಗೆ ಒದಗಿತು, ಕ್ರಿಯಾಪದ ಒದಗಲಿಲ್ಲ. ಲೇಖನದ ಒಂದು ಜೋಡಿಯನ್ನೇ ನೋಡಿ. ಆರ್ಚಿ ಮೂರ್ 1952ರಲ್ಲಿ ಈ ವಿಭಾಗದ ಪಟ್ಟವೇರಿ ಸುಮಾರು ಒಂದು ದಶಕ ಅದನ್ನು ಬಿಟ್ಟುಕೊಡದವನು. ಬಾಬ್ ಫಾಸ್ಟರ್ 1968ರಲ್ಲಿ ಡಿಕ್ ಟೈಗರ್‌ನನ್ನು ನಾಲ್ಕನೆಯ ಸುತ್ತಿನಲ್ಲಿ ಎಡಗೈಯ ಹುಕ್ (ತೋಳು ಬಾಗಿಸಿ ಪಕ್ಕದಿಂದ ಬೀಸುವ ಹೊಡೆತ)‌ನಿಂದ ಕೆಡವಿ ಚಾಂಪಿಯನ್ ಆದವನು. ಮೊದಲ ಕರಡಿನಲ್ಲಿ ನಾನು ‘ಫಾಸ್ಟರ್ ಮೂರ್‌ನನ್ನು ಸೋಲಿಸುತ್ತಿದ್ದ’ ಎಂದು ಬರೆದಿದ್ದೆ. ಅದನ್ನೋದಿದ ಗೆಳೆಯರೊಬ್ಬರು ‘ಎಷ್ಟು ಸಲ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ‘ಎದುರಾಗಿದ್ದರೆ’ ಎಂಬ ಮಾತು ಹಿಂದಿನ ವಾಕ್ಯದಲ್ಲೇ ಉಳಿದುಬಿಟ್ಟರೆ, ‘ಸೋಲಿಸುತ್ತಿದ್ದ’ ಎಂಬುದು ಪದೇ ಪದೇ ನಡೆದ ಸಂಗತಿಯನ್ನು ಹೇಳುತ್ತದೆ. ಎಜರ್ಡ್ ಚಾರ್ಲ್ಸ್ 1946ರಿಂದ 1948ರವರೆಗೆ ಮೂರ್‌ನನ್ನು ಮೂರು ಸಲ ಸೋಲಿಸಿದ (ಶ್ಲೇಷೆ ನನ್ನದಲ್ಲ). ಅವನ ಬಗ್ಗೆ ಇದೇ ವಾಕ್ಯ ಬರೆದರೆ ಅದು ಇತಿಹಾಸವೇ ಆಗುತ್ತದೆ.

ಹಾಗೆಂದು ಈ ರೂಪವನ್ನು ಬಿಟ್ಟುಕೊಡಲೂ ಆಗದು. 1952ರ ಜೂನ್‌ನಲ್ಲಿ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಆಗಿನ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಎದುರು ಅಂಕಗಳಲ್ಲಿ ಮುಂದಿದ್ದ ಷುಗರ್ ರೇ ರಾಬಿನ್ಸನ್, ರೆಫರಿಯನ್ನೇ ನಡುವೆ ಬದಲಿಸಬೇಕಾಗಿ ಬಂದಂಥ ಧಗೆಯಲ್ಲಿ ಬಸವಳಿದು, ಹದಿನಾಲ್ಕನೆಯ ಸುತ್ತಿಗೆ ಕೂತಲ್ಲಿಂದ ಏಳಲಾರದೆ ಸೋತ. ಪ್ರಶಸ್ತಿ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದದ್ದು 1980ರ ದಶಕದಲ್ಲಿ. ‘ಅಂದು 12 ಸುತ್ತೇ ಇದ್ದಿದ್ದರೆ ರಾಬಿನ್ಸನ್ ಗೆಲ್ಲುತ್ತಿದ್ದ’ ಎಂಬಲ್ಲಿ ಕ್ರಿಯಾಪದ ಸರಿಯಾಗಿ ಕೂರುತ್ತದೆ, ಏಕೆಂದರೆ ಪಂದ್ಯ ನಡೆದಿದೆ, ಬದಲಾದದ್ದು ಷರತ್ತು ಮಾತ್ರ. ಚಾರ್ಲ್ಸ್ ಮತ್ತು ನಂತರದ ತಲೆಮಾರಿನ ಬಾಕ್ಸರ್ ರಾಯ್ ಜೋನ್ಸ್ ಜೋಡಿ ಅಂಥದ್ದಲ್ಲ. 1975ರಲ್ಲಿ ಚಾರ್ಲ್ಸ್ ತೀರಿಕೊಂಡಾಗ ಜೋನ್ಸ್ ಆರು ವರ್ಷದ ಹುಡುಗ. ‘ಎದುರಾಗಿದ್ದರೆ’ ಎಂದೊಡನೆ ಕೈತಪ್ಪಿದ ಅವಕಾಶವೊಂದು ಇತ್ತೆಂಬ ಭಾವ ಬರುತ್ತದೆ. ಇಲ್ಲಿ ತಪ್ಪಿಹೋಗಲು ಅವಕಾಶವೇ ಇರಲಿಲ್ಲ. ಈ ಪಂದ್ಯ ನಡೆಯುವುದು ಈಗ, ಓದುಗನ ತಲೆಯೊಳಗೆ. ಆದ್ದರಿಂದ ‘ಎದುರಾದರೆ ಚಾರ್ಲ್ಸ್ ಗೆದ್ದಾನು’ ಎಂಬ ಸಂಭಾವನಾರ್ಥಕವೇ ತಕ್ಕದ್ದೆಂದು ನನಗೆ ತೋರುತ್ತದೆ. ‘ಗೆಲ್ಲಬಹುದು’ ಎಂದರೆ ಅನುಮತಿ ಕೊಟ್ಟಂತೆಯೂ ಕೇಳಿಸುತ್ತದೆ.

ಆದರೆ ಅಳುಕೊಂದಿದೆ. ‘ಮಳೆ ಬಂದೀತು’, ‘ಬಿದ್ದೀಯೆ, ಜೋಕೆ’ ಎಂಬ ಮಾತುಗಳಲ್ಲಿ ಈ ರೂಪಕ್ಕೆ ಆತಂಕದ ಬಣ್ಣವಿದೆ. ಮೂಲ ಲೇಖಕನಿಗಾದರೋ ಅನುಮಾನವೇ ಇಲ್ಲ, ಅವನದು ಗಟ್ಟಿ ತೀರ್ಪು. 1958ರಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾದ ಬಾಕ್ಸರ್ ಡ್ಯುರೆಲ್‌ನ ಹೊಡೆತಕ್ಕೆ ನಾಲ್ಕು ಸಲ ನೆಲಕ್ಕುರುಳಿಯೂ ಹನ್ನೊಂದನೆಯ ಸುತ್ತಿನಲ್ಲಿ ಗೆದ್ದ ಮೂರ್ ಬಗ್ಗೆ, ಸದ್ಯಕ್ಕೆ ‘ಫಾಸ್ಟರ್‌ನ ಹುಕ್‌ಗೆ ಬಿದ್ದಾನು, ಬಿದ್ದರೂ ಎದ್ದಾನು’ ಎಂದು ಬರೆದಿಟ್ಟಿದ್ದೇನೆ. ನಿಮ್ಮ ಕಡೆಯ ಆಡುಮಾತಿನಲ್ಲಿ ‘ಎದ್ದಾನು’ ಎಂದರೆ ಭರವಸೆಯೋ, ಅನುಮಾನವೋ?