ಮೂರು ದಿನದಿಂದ ಬ್ಯಾರೆಲ್ ಒಂದು ಕೂದಲಷ್ಟೂ ಕದಲುತ್ತಿಲ್ಲ

ಮರದಹಿಡಿ · ಶನಿವಾರ, ರಾತ್ರಿ 10:12

ತಲೆ ಕೆಟ್ಟುಹೋಗಿದೆ, ಯಾರಾದರೂ ದಾರಿ ತೋರಿಸಿ. ಹಳೇ ರೈಫಲ್‌ನ ಬ್ಯಾರೆಲ್ ಬಿಚ್ಚಬೇಕು. ಒಳಗಿನ ಗೆರೆಗಳೆಲ್ಲ ಸವೆದು ತುಕ್ಕು ತಿಂದಿವೆ, ಹೊಸದು ತಂದಿಟ್ಟು ಎರಡು ತಿಂಗಳಾಯಿತು. ಬ್ಯಾರೆಲ್ ಕದಲದಂತೆ ಹಿಡಿಯುವ ಬ್ಯಾರೆಲ್ ವೈಸ್ ಇದೆ, ರಿಸೀವರ್ (ಬ್ಯಾರೆಲ್ ತಿರುಪಿ ಕೂರಿಸಿರುವ ಹಿಂಬದಿಯ ಉಕ್ಕಿನ ಮೈ) ತಿರುಗಿಸುವ ಆ್ಯಕ್ಷನ್ ರೆಂಚ್ ಇದೆ, ಎಣ್ಣೆ ಬಿಟ್ಟಿದ್ದೇನೆ. ಮೂರು ದಿನದಿಂದ ಜಗ್ಗುತ್ತಿದ್ದೇನೆ. ಏನೂ ಆಗುತ್ತಿಲ್ಲ. ಬೆನ್ನು ಹಿಡಿದುಕೊಂಡಿದ್ದೇ ಲಾಭ. ಏನು ತಪ್ಪು ಮಾಡುತ್ತಿದ್ದೇನೆ?

ತುಕ್ಕುವೈರಿ · ಶನಿವಾರ, ರಾತ್ರಿ 10:31

ಎಣ್ಣೆ ಸಾಲದು. ಅಷ್ಟೇ. ಯಾವ ಎಣ್ಣೆ ಬಿಟ್ಟಿರಿ? ಡಬ್ಲ್ಯೂಡಿ-40 ಆದರೆ ಮರೆತುಬಿಡಿ, ಅದು ನೀರು ಓಡಿಸೋಕೆ ಮಾಡಿದ್ದು, ಹೆಸರಲ್ಲೇ ಇದೆ (ವಾಟರ್ ಡಿಸ್‌ಪ್ಲೇಸ್‌ಮೆಂಟ್). ಅಸಿಟೋನ್ ಅರ್ಧ, ಗೇರ್‌ಬಾಕ್ಸ್‌ಗೆ ಹಾಕುವ ಎಟಿಎಫ್ ಅರ್ಧ ಬೆರೆಸಿ ಬಿಡಿ. ಒಂದು ವಾರ ಮುಟ್ಟಬೇಡಿ. ತಾನಾಗೇ ಬರುತ್ತದೆ.

ಲೇತ್‌ಮಾವ · ಶನಿವಾರ, ರಾತ್ರಿ 10:50

ಮೊದಲು ಪ್ರಶ್ನೆ, ಆಮೇಲೆ ಎಣ್ಣೆ. "ಹಳೇ ರೈಫಲ್" ಅಂದರೆ ಯಾವುದು ಮಾರಾಯ್ರೆ? ಸ್ಯಾವೇಜ್ ಆದರೆ ಬ್ಯಾರೆಲ್ ನಟ್ ಇರುತ್ತದೆ, ಅದನ್ನು ಸಡಿಲಿಸದೆ ಜಗ್ಗಿದರೆ ಬೆನ್ನೇ ಹೋಗೋದು. ರೆಮಿಂಗ್ಟನ್ 700 ಆದರೆ ನಡುವೆ ರಿಕಾಯಿಲ್ ಲಗ್‌ನ (ಗುಂಡು ಹಾರಿದಾಗಿನ ಹಿಮ್ಮೆಟ್ಟು ತಡೆಯುವ) ಬಿಲ್ಲೆ ಸಿಕ್ಕಿಕೊಂಡಿರುತ್ತದೆ. ಲೈಸೆನ್ಸ್ ಇರುವ ರೈಫಲ್ ತಾನೆ? ಗುಂಡು ಕೂರುವ ಚೇಂಬರ್ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ, ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತೆಗೆದು ಪಕ್ಕಕ್ಕಿಟ್ಟಿದ್ದೀರಾ? ಯಾವ ಕಡೆಗೆ ತಿರುಗಿಸುತ್ತಿದ್ದೀರಿ?

ಮರದಹಿಡಿ · ಶನಿವಾರ, ರಾತ್ರಿ 11:05

ಹೇಳಿಲ್ಲವಾ? ಮೌಸರ್ 98, 8×57 ಗುಂಡಿನದು. ಸೈನ್ಯದ್ದನ್ನು ಯಾರೋ ಬೇಟೆ ರೈಫಲ್ ಮಾಡಿಕೊಂಡಿದ್ದು, ನನಗೆ ಬಂದಿದ್ದು ಮೂರನೇ ಕೈಯಿಂದ. ಕಾಗದ ಎಲ್ಲ ಸರಿ ಇದೆ. ಖಾಲಿ ಇದೆ, ಬೋಲ್ಟ್ ಡ್ರಾಯರ್‌ನಲ್ಲಿದೆ, ಮರ ಬಿಚ್ಚಿಟ್ಟಿದ್ದೇನೆ, ಟೆಲಿಸ್ಕೋಪ್ ತೆಗೆದಿದ್ದೇನೆ. ತಿರುಗಿಸೋದು ಎಡಕ್ಕೆ, ಎಲ್ಲ ತಿರುಪಿನ ಹಾಗೆ. ಅಷ್ಟೂ ಗೊತ್ತಿಲ್ಲದವನಲ್ಲ.

ಲೇತ್‌ಮಾವ · ಶನಿವಾರ, ರಾತ್ರಿ 11:14

ಬೇಜಾರು ಬೇಡ. ಎಡಕ್ಕೆ ಅಂದರೆ ಎಲ್ಲಿ ನಿಂತು ಎಡಕ್ಕೆ? ಬ್ಯಾರೆಲ್ ವೈಸ್‌ನಲ್ಲಿದ್ದು ರಿಸೀವರ್ ತಿರುಗಿಸುತ್ತಿದ್ದರೆ, ರಿಸೀವರ್‌ನ ಹಿಂದೆ ನಿಂತು ಮೂತಿಯ ಕಡೆ ನೋಡುತ್ತಾ ಎಡಕ್ಕೆ. ಮೂತಿಯ ಕಡೆ ನಿಂತು ಅದೇ ರಿಸೀವರ್ ಎಡಕ್ಕೆ ತಿರುಗಿಸಿದರೆ ಬಿಗಿ ಮಾಡಿದ ಹಾಗೆ. ನಾನೇ ಒಮ್ಮೆ ಇಡೀ ಮಧ್ಯಾಹ್ನ ಬಿಗಿ ಮಾಡಿದ್ದೇನೆ.

ಮರದಹಿಡಿ · ಶನಿವಾರ, ರಾತ್ರಿ 11:20

ಹಿಂದೆ ನಿಂತೇ. ಸರಿಯಾದ ಕಡೆಗೇ.

ಬೆಂಕಿಪೊಟ್ಟಣ · ಭಾನುವಾರ, ಬೆಳಿಗ್ಗೆ 6:48

ಇದಕ್ಕೆಲ್ಲ ಒಂದೇ ಮದ್ದು. ಗ್ಯಾಸ್ ಟಾರ್ಚ್ ಹಚ್ಚಿ ರಿಸೀವರ್‌ನ ಮುಂಭಾಗ ಚೆನ್ನಾಗಿ ಕಾಯಿಸಿ. ಕಬ್ಬಿಣ ಹಿಗ್ಗುತ್ತದೆ, ಬ್ಯಾರೆಲ್ ಬಿಡುತ್ತದೆ. ಟ್ರ್ಯಾಕ್ಟರ್‌ನ ಎಷ್ಟು ನಟ್ ಹೀಗೇ ಬಿಚ್ಚಿಲ್ಲ ನಾನು.

ಮೈಕ್ರಾನ್ · ಭಾನುವಾರ, ಬೆಳಿಗ್ಗೆ 7:15

ದಯವಿಟ್ಟು ಬೇಡ! ಅದು ಟ್ರ್ಯಾಕ್ಟರ್ ನಟ್ ಅಲ್ಲ. ಮೌಸರ್ 98ರ ರಿಸೀವರ್ ಕಡಿಮೆ ಕಾರ್ಬನ್ ಇರುವ ಉಕ್ಕು, ಮೇಲ್ಮೈ ಮಾತ್ರ ಗಟ್ಟಿ ಮಾಡಿರುತ್ತಾರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಗಟ್ಟಿತನ ಇಳಿಯೋಕೆ ಶುರು. ಬೋಲ್ಟ್‌ಗೆ ಬೀಗದಂತಿರುವ ಲಗ್‌ಗಳು ಒರಗುವ ಜಾಗ ಮೆತ್ತಗಾದರೆ ಒಂದೊಂದು ಗುಂಡಿಗೂ ಹೆಡ್‌ಸ್ಪೇಸ್ (ಬೋಲ್ಟ್‌ನ ಮುಖದಿಂದ ಚೇಂಬರ್‌ನಲ್ಲಿ ಗುಂಡು ತಾಗಿ ನಿಲ್ಲುವ ಜಾಗದವರೆಗಿನ ಅಂತರ) ಬೆಳೆಯುತ್ತಾ ಹೋಗುತ್ತದೆ. ಮುಖದ ಮುಂದೆ ಹಿಡಿಯುವ ವಸ್ತು ಅದು.

ಲೆಕ್ಕ ಬೇಕಾ? ಥ್ರೆಡ್‌ನ ಅಡ್ಡಳತೆ 1.1 ಇಂಚು, ಅಂದರೆ ಸುಮಾರು 28 ಮಿಮೀ. 100 ಡಿಗ್ರಿ ಏರಿಸಿದರೆ ಉಕ್ಕು ಹಿಗ್ಗೋದು 0.03 ಮಿಮೀ ಚಿಲ್ಲರೆ. ಅದೂ ಹೊರಗಿನದು ಮಾತ್ರ ಬಿಸಿಯಾಗಿ ಒಳಗಿನದು ತಣ್ಣಗಿದ್ದರೆ. ಥ್ರೆಡ್ ಕಚ್ಚಿಕೊಂಡಿರುವಾಗ ಬಿಸಿ ಒಳಕ್ಕೆ ಹೋಗೋಕೆ ಎಷ್ಟು ಹೊತ್ತು? ಎರಡೂ ಹಿಗ್ಗುತ್ತವೆ, ಸಿಕ್ಕಿದ್ದು ಸೊನ್ನೆ.

ಬೆಂಕಿಪೊಟ್ಟಣ · ಭಾನುವಾರ, ಬೆಳಿಗ್ಗೆ 7:40

ಲೆಕ್ಕ ಮಾಡುವವರು ಬೇರೆ, ಬಿಚ್ಚುವವರು ಬೇರೆ.

ಮೈಕ್ರಾನ್ · ಭಾನುವಾರ, ಬೆಳಿಗ್ಗೆ 7:43

ಆಸ್ಪತ್ರೆಗೆ ಹೋಗುವವರು ಇನ್ನೂ ಬೇರೆ. ಮೇಲೆ ಒಬ್ಬರು ಅಸಿಟೋನ್ ಬಿಡಿ ಅಂದಿದ್ದಾರೆ, ಕೆಳಗೆ ನೀವು ಟಾರ್ಚ್ ಹಚ್ಚಿ ಅನ್ನುತ್ತಿದ್ದೀರಿ. ಎರಡನ್ನೂ ಒಟ್ಟಿಗೆ ಮಾಡಿದರೆ ಏನಾಗುತ್ತದೆ ಅಂತ ಯೋಚನೆ ಮಾಡಿದ್ದೀರಾ?

ತುಕ್ಕುವೈರಿ · ಭಾನುವಾರ, ಬೆಳಿಗ್ಗೆ 8:20

ನನ್ನ ಅಸಿಟೋನ್ ಮೇಲೆ ಯಾಕೆ ಬಂದಿರಿ? ಅದು ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದೆ.

ಮೈಕ್ರಾನ್ · ಭಾನುವಾರ, ಬೆಳಿಗ್ಗೆ 8:31

ಒಂದು ಗಾಜಿನ ಶೀಶೆಯಲ್ಲಿ ಎರಡನ್ನೂ ಬೆರೆಸಿ ಅರ್ಧ ಗಂಟೆ ಇಡಿ. ಮೇಲೊಂದು ಪದರ, ಕೆಳಗೊಂದು ಪದರ. ಅವು ಸರಿಯಾಗಿ ಬೆರೆಯೋದೇ ಇಲ್ಲ. ನೀವು ಬಿಟ್ಟಿದ್ದು ಎಣ್ಣೆಯೋ ಅಸಿಟೋನೋ ನಿಮಗೇ ಗೊತ್ತಿರುವುದಿಲ್ಲ.

ತುಕ್ಕುವೈರಿ · ಭಾನುವಾರ, ಬೆಳಿಗ್ಗೆ 8:36

ಬಿಡೋ ಮುಂಚೆ ಅಲ್ಲಾಡಿಸಬೇಕು ಸ್ವಾಮಿ. ಕೆಮ್ಮಿನ ಔಷಧಿ ಕುಡಿದಿಲ್ವಾ?

ಗರಗಸ · ಭಾನುವಾರ, ಬೆಳಿಗ್ಗೆ 9:10

ಅಸಲು ವಿಷಯಕ್ಕೆ ಬನ್ನಿ. ಮರದಹಿಡಿಯವರೇ, ಜಗ್ಗಿದಾಗ ಏನೂ ಕದಲುವುದಿಲ್ಲವೋ, ಅಥವಾ ಬ್ಯಾರೆಲ್ ವೈಸ್‌ನೊಳಗೇ ಸುತ್ತುತ್ತದೋ? ಎರಡೂ ಬೇರೆ ಬೇರೆ ಕಾಯಿಲೆ. ಬ್ಯಾರೆಲ್ ಮೇಲೂ ಅದರ ಸುತ್ತ ವೈಸ್‌ನೊಳಗೆ ಕೂರುವ ಬುಶ್ ಮೇಲೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಜಗ್ಗಿ ನೋಡಿ.

ಮರದಹಿಡಿ · ಭಾನುವಾರ, ಮಧ್ಯಾಹ್ನ 12:25

ಗೆರೆ ಎಳೆದೆ. ಹೌದು, ಬ್ಯಾರೆಲ್ ಬುಶ್‌ನೊಳಗೆ ಸುತ್ತುತ್ತಿದೆ. ಸುಮಾರು ಕಾಲು ಇಂಚು ಸರಿದಿದೆ. ಅದು ಸಹಜ ಅಂದುಕೊಂಡಿದ್ದೆ.

ಲೇತ್‌ಮಾವ · ಭಾನುವಾರ, ಮಧ್ಯಾಹ್ನ 12:33

ಸಹಜ!! ಮೂರು ದಿನ ನೀವು ಜಗ್ಗಿದ್ದು ಥ್ರೆಡ್ ಅನ್ನಲ್ಲ, ಬುಶ್ ಅನ್ನು. ಬುಶ್ ಯಾವುದು? ಹಿಡಿದಿದ್ದು ಎಲ್ಲಿ?

ಮರದಹಿಡಿ · ಭಾನುವಾರ, ಮಧ್ಯಾಹ್ನ 12:41

ಅಲ್ಯೂಮಿನಿಯಂ ಬುಶ್. ರಿಸೀವರ್‌ನಿಂದ ಒಂದು ಗೇಣು ಮುಂದೆ ಹಿಡಿದಿದ್ದೆ. ಎಣ್ಣೆ ಅಲ್ಲಿಗೂ ಹರಿದಿರಬಹುದು.

ಗರಗಸ · ಭಾನುವಾರ, ಮಧ್ಯಾಹ್ನ 1:02

ಸಿಕ್ಕಿತು ನೋಡಿ. ಒಂದು ಗೇಣು ಮುಂದೆ ಹೋದರೆ ಬ್ಯಾರೆಲ್ ಸಣ್ಣದಾಗುತ್ತಾ ಹೋಗುತ್ತದೆ. ಸೈನ್ಯದ ಬ್ಯಾರೆಲ್‌ನಲ್ಲಿ ಮೆಟ್ಟಿಲು ಬೇರೆ. ಇಳಿಜಾರಿನ ಮೇಲೆ ನೇರ ತೂತಿನ ಬುಶ್ ಎರಡು ಕಡೆ ಮಾತ್ರ ತಾಗುತ್ತದೆ. ರಿಸೀವರ್ ಹತ್ತಿರ ದಪ್ಪ, ನೇರ ಭಾಗ ಇದೆಯಲ್ಲ, ಅಲ್ಲಿ ಹಿಡಿಯಿರಿ. ಎಣ್ಣೆಯ ಪಸೆ ಪೂರ್ತಿ ಒರೆಸಿ, ಬುಶ್‌ಗೆ ರಾಳದ ಪುಡಿ ಉದುರಿಸಿ, ವೈಸ್‌ನ ನಾಲ್ಕೂ ಬೋಲ್ಟ್ ಸಮನಾಗಿ ಬಿಗಿ ಮಾಡಿ. ಆಮೇಲೆ ರೆಂಚ್‌ನ ತುದಿಗೆ ಮೆಲ್ಲಗೆ ಜಗ್ಗಬೇಡಿ, ಎರಡು ಕಿಲೋ ಸುತ್ತಿಗೆಯಿಂದ ಒಂದು ಪೆಟ್ಟು ಕೊಡಿ. ಕಚ್ಚಿಕೊಂಡ ಥ್ರೆಡ್ ಎಳೆತಕ್ಕಿಂತ ಪೆಟ್ಟಿಗೆ ಬೇಗ ಬಿಡುತ್ತದೆ.

ವೈಸ್‌ರಾಜ · ಭಾನುವಾರ, ಸಂಜೆ 4:18

ನನ್ನ ವೈಸ್‌ಗೆ ಇಂಥ ಕಾಟ ಇಲ್ಲ. ಎರಡು ಇಂಚು ದಪ್ಪದ ಪ್ಲೇಟ್, ಮುಕ್ಕಾಲು ಇಂಚಿನ ಬೋಲ್ಟ್ ಆರು, ಕಾಂಕ್ರೀಟ್ ನೆಲಕ್ಕೇ ಕೂರಿಸಿದ ಕಂಬ. ಬುಶ್ ಎಲ್ಲ ನಾನೇ ಲೇತ್‌ನಲ್ಲಿ ಕಡೆದಿದ್ದು, ಹನ್ನೊಂದು ಸೈಜು. ಫೋಟೋ ಬೇಕಾದರೆ ಹಾಕುತ್ತೇನೆ.

ತುಕ್ಕುವೈರಿ · ಭಾನುವಾರ, ಸಂಜೆ 4:30

ಯಾರೂ ಕೇಳಲಿಲ್ಲ. ಹಾಕಿ ಆದರೂ, ನೋಡೋಣ.

ಮರದಹಿಡಿ · ಸೋಮವಾರ, ರಾತ್ರಿ 9:37

ರಾಳ ಹಾಕಿ ಹಿಡಿದೆ. ಬ್ಯಾರೆಲ್ ಈಗ ಸುತ್ತುತ್ತಿಲ್ಲ. ಅರವತ್ತು ಸೆಂಟಿಮೀಟರ್ ಹಿಡಿಕೆಗೆ ನನ್ನ ಎಂಬತ್ತು ಕಿಲೋ ಪೂರ್ತಿ ಹಾಕಿ ತೂಗಿದೆ. ಸುತ್ತಿಗೆಯಲ್ಲೂ ಹೊಡೆದೆ. ಒಂದು ಸಲ "ಕಿರ್ರ್" ಅಂತ ಸದ್ದು ಬಂದು ಎರಡು ಡಿಗ್ರಿಯಷ್ಟು ತಿರುಗಿ ಮತ್ತೆ ನಿಂತಿತು. ಈಗ ವಾಪಸ್ಸೂ ಹೋಗುತ್ತಿಲ್ಲ. ಮಾರಿಬಿಡೋಣ ಅನ್ನಿಸುತ್ತಿದೆ.

ಮೈಕ್ರಾನ್ · ಸೋಮವಾರ, ರಾತ್ರಿ 9:55

0.6 ಮೀಟರ್ × 80 ಕಿಲೋ ಅಂದರೆ ಸುಮಾರು 470 ನ್ಯೂಟನ್ ಮೀಟರ್. ಹೊಸ ಬ್ಯಾರೆಲ್ ಕೂರಿಸುವಾಗ ಇದರ ಮೂರನೇ ಒಂದು ಭಾಗವೂ ಬೇಕಾಗುವುದಿಲ್ಲ. ಇನ್ನು ಜಾಸ್ತಿ ಹಾಕಬೇಡಿ. ರೆಂಚ್ ಹಿಡಿದಿರುವುದು ರಿಸೀವರ್‌ನ ಮುಂದಿನ ರಿಂಗ್‌ಗೆ ತಾನೆ? ಅದರ ಹಿಂದಿನ ಸೇತುವೆಗೆ ಹಿಡಿದಿದ್ದರೆ ನಡುವಿನ ತೆಳು ಗೋಡೆಗಳು ಹಗ್ಗದ ಹಾಗೆ ತಿರುಚಿಕೊಳ್ಳುತ್ತವೆ, ಆಮೇಲೆ ಬೋಲ್ಟ್ ಒಳಗೇ ಹೋಗುವುದಿಲ್ಲ.

ಮರದಹಿಡಿ · ಸೋಮವಾರ, ರಾತ್ರಿ 10:01

ಮುಂದಿನ ರಿಂಗ್‌ಗೇ. ಅದರಲ್ಲೂ ಟೆಲಿಸ್ಕೋಪ್ ಕೂರಿಸುವ ಬೇಸ್ ಅಡ್ಡ ಬರುತ್ತದೆ ಅಂತ ರೆಂಚ್‌ನ ಮೇಲಿನ ತುಂಡಿಗೆ ತೋಡು ಕೊರೆದು ಜಾಗ ಮಾಡಿಕೊಂಡೆ, ಅರ್ಧ ದಿನ ಅದಕ್ಕೇ ಹೋಯಿತು.

ತುಕ್ಕುವೈರಿ · ಸೋಮವಾರ, ರಾತ್ರಿ 10:09

ಎರಡು ಡಿಗ್ರಿ ತಿರುಗಿದೆ ಅಂದರೆ ಎಣ್ಣೆ ಇಳಿಯೋಕೆ ದಾರಿ ಆಯಿತು. ಈಗ ಬಿಡಿ ನೋಡಿ ನನ್ನ ಮಿಶ್ರಣ.

ಹಳೇಕಬ್ಬಿಣ · ಸೋಮವಾರ, ರಾತ್ರಿ 10:46

ನಿಲ್ಲಿ ನಿಲ್ಲಿ. ಬೇಸ್ ಇನ್ನೂ ಮೇಲೇ ಇದೆಯಾ?

ಮರದಹಿಡಿ · ಸೋಮವಾರ, ರಾತ್ರಿ 10:48

ಇದೆ. ಟೆಲಿಸ್ಕೋಪ್ ಮಾತ್ರ ತೆಗೆದೆ. ಬೇಸ್‌ಗೂ ಬ್ಯಾರೆಲ್‌ಗೂ ಏನು ಸಂಬಂಧ, ಅದು ಕೂತಿರೋದು ರಿಸೀವರ್ ಮೇಲೆ.

ಹಳೇಕಬ್ಬಿಣ · ಸೋಮವಾರ, ರಾತ್ರಿ 11:20

ಸಂಬಂಧ ಇದೆ. ಸೈನ್ಯದ ಮೌಸರ್‌ಗೆ ಬೇಸ್ ಕೂರಿಸುವ ತೂತು ಹುಟ್ಟಿನಿಂದ ಬರುವುದಿಲ್ಲ. ಆಮೇಲೆ ಯಾರೋ ಕೊರೆದಿರುತ್ತಾರೆ. ಮುಂದಿನ ತೂತು ಸರಿಯಾಗಿ ಬ್ಯಾರೆಲ್ ಥ್ರೆಡ್‌ನ ನೆತ್ತಿಯ ಮೇಲೆ ಬರುತ್ತದೆ. ಎಷ್ಟೋ ಜನ ರಿಂಗ್‌ನ ಗೋಡೆ ದಾಟಿ ಥ್ರೆಡ್‌ವರೆಗೂ ಕೊರೆದುಬಿಡುತ್ತಾರೆ. ಅದಕ್ಕೆ ಉದ್ದದ ಸ್ಕ್ರೂ ಹಾಕಿದರೆ ತುದಿ ಬ್ಯಾರೆಲ್ ಥ್ರೆಡ್‌ಗೆ ಮೊಳೆ ಹೊಡೆದ ಹಾಗೆ ಕೂರುತ್ತದೆ. ಆಗ ನೀವು ಎಣ್ಣೆ ಬಿಟ್ಟರೂ ಅಷ್ಟೇ, ಆನೆ ಕಟ್ಟಿ ಎಳೆದರೂ ಅಷ್ಟೇ. ಆ "ಕಿರ್ರ್" ಸ್ಕ್ರೂ ತುದಿ ಥ್ರೆಡ್ ಕೆರೆದ ಸದ್ದು ಅಂತ ನನ್ನ ಅನುಮಾನ.

ಬೇಸ್ ಬಿಚ್ಚಿ. ಸ್ಕ್ರೂಗೆ ಥ್ರೆಡ್ ಲಾಕರ್ ಅಂಟು ಹಾಕಿದ್ದರೆ ತಲೆ ಸವೆಯುವವರೆಗೆ ತಿರುಗಿಸಬೇಡಿ. ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಮಾತ್ರ ಒಂದೆರಡು ನಿಮಿಷ ಒತ್ತಿಡಿ, ಅಂಟು ಮೆತ್ತಗಾಗುತ್ತದೆ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ತುಂಬುವಂತಿರಲಿ.

ಬೆಂಕಿಪೊಟ್ಟಣ · ಸೋಮವಾರ, ರಾತ್ರಿ 11:31

ಕೊನೆಗೂ ಕಾಯಿಸಲೇಬೇಕಾಯಿತು ಅಲ್ವಾ!

ಮೈಕ್ರಾನ್ · ಸೋಮವಾರ, ರಾತ್ರಿ 11:33

ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ಇಡೋದೂ ರಿಸೀವರ್‌ಗೆ ಟಾರ್ಚ್ ಹಿಡಿಯೋದೂ ಒಂದೇನಾ?

ಮರದಹಿಡಿ · ಮಂಗಳವಾರ, ರಾತ್ರಿ 8:54

ಬಂತು!!!

ಬೇಸ್‌ನ ಮುಂದಿನ ಸ್ಕ್ರೂ ಬಿಚ್ಚೋಕೆ ಇಪ್ಪತ್ತು ನಿಮಿಷ. ಬ್ಯಾರೆಲ್ ಬಿಚ್ಚೋಕೆ ಎರಡು ಪೆಟ್ಟು. "ಟಕ್" ಅಂತ ಬಿಟ್ಟು ಆಮೇಲೆ ಬರೀ ಕೈಯಲ್ಲೇ ಸುತ್ತಿ ತೆಗೆದೆ. ಸ್ಕ್ರೂವಿನ ತುದಿ ಒಂದು ಪಕ್ಕಕ್ಕೆ ಬಾಗಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಬ್ಯಾರೆಲ್ ಥ್ರೆಡ್ ಮೇಲೆ ಅದು ಉತ್ತ ಗೆರೆ ಇದೆ. ಹಳೇಕಬ್ಬಿಣ ಅವರಿಗೆ ಸಾಷ್ಟಾಂಗ.

ಹಳೇಕಬ್ಬಿಣ · ಮಂಗಳವಾರ, ರಾತ್ರಿ 9:12

ಸಂತೋಷ. ಎರಡು ಕೆಲಸ ಇದೆ. ರಿಸೀವರ್ ಒಳಗಿನ ಥ್ರೆಡ್‌ನಲ್ಲಿ ಲೋಹದ ಚೂರು ಇರುತ್ತದೆ, ಬ್ರಶ್ ಹಾಕಿ ತೆಗೆಯಿರಿ. ಥ್ರೆಡ್ ಕೊರೆಯುವ ಟ್ಯಾಪ್ ಯಾವುದೋ ಸಿಕ್ಕಿದ್ದನ್ನು ಹೊಡೆಯಬೇಡಿ, ಅದು 55 ಡಿಗ್ರಿಯ ಥ್ರೆಡ್, ಇಂಚಿಗೆ 12. ಇನ್ನೊಂದು, ಅಷ್ಟು ಜಗ್ಗಿದ್ದೀರಿ, ರಿಂಗ್‌ನಲ್ಲಿ ಬಿರುಕು ಇದೆಯಾ ನೋಡಿ. ಮುಖ್ಯವಾಗಿ ಆ ತೂತಿನ ಸುತ್ತ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಗೆರೆ ಮೂಡಿದರೆ ಆ ರಿಸೀವರ್ ಗೋಡೆಗೆ ತೂಗುಹಾಕೋದಕ್ಕೆ ಮಾತ್ರ. ಮೂಡದಿದ್ದರೂ ಬಣ್ಣದ ದ್ರವದಿಂದ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಮೈಕ್ರಾನ್ · ಮಂಗಳವಾರ, ರಾತ್ರಿ 9:20

ಸ್ಕ್ರೂ ಎಷ್ಟು ಉದ್ದ ಅಳೆದಿರಾ? ಕುತೂಹಲಕ್ಕೆ.

ಮರದಹಿಡಿ · ಮಂಗಳವಾರ, ರಾತ್ರಿ 9:41

ಬೇಸ್‌ನ ತಳದಿಂದ ಕೆಳಗೆ 5.2 ಮಿಮೀ ಚಾಚಿದೆ. ಸುಣ್ಣದಲ್ಲಿ ಗೆರೆ ಮೂಡಲಿಲ್ಲ.

ಮೈಕ್ರಾನ್ · ಮಂಗಳವಾರ, ರಾತ್ರಿ 9:50

ರಿಂಗ್‌ನ ಹೊರ ಅಳತೆ 1.41 ಇಂಚು, ಥ್ರೆಡ್ 1.1 ಇಂಚು. ಅಂದರೆ ಗೋಡೆ ಸುಮಾರು 3.9 ಮಿಮೀ. ಮಿಕ್ಕ 1.3 ಮಿಮೀ ಬ್ಯಾರೆಲ್‌ನೊಳಗೆ. ಆ ಥ್ರೆಡ್‌ನ ಆಳವೂ ಹೆಚ್ಚುಕಡಿಮೆ ಅಷ್ಟೇ. ಥ್ರೆಡ್‌ನ ಬುಡದವರೆಗೆ ಕೂತಿತ್ತು ಮಹರಾಯ.

ಮರದಹಿಡಿ · ಬುಧವಾರ, ರಾತ್ರಿ 9:08

ಹೊಸ ಬ್ಯಾರೆಲ್ ಕೈಯಲ್ಲಿ ಸುತ್ತಿ ನೋಡಿದೆ. ಹೊರಗಿನ ಭುಜ ರಿಸೀವರ್‌ಗೆ ತಾಗುವ ಮುಂಚೆಯೇ ಒಳಗೆ ಏನಕ್ಕೋ ತಾಗಿ ನಿಲ್ಲುತ್ತದೆ. ಕೂದಲು ತೂರುವಷ್ಟು ಸಂದು. ಸರಿನಾ ಇದು?

ಗರಗಸ · ಬುಧವಾರ, ರಾತ್ರಿ 9:25

ಸರಿ. ಮೌಸರ್ 98ರಲ್ಲಿ ಬ್ಯಾರೆಲ್‌ನ ಹಿಂಬದಿ ಒಳಗಿನ ರಿಂಗ್‌ಗೆ ಒತ್ತಿ ಕೂರಬೇಕು. ಭುಜ ನೆಪಕ್ಕೆ.

ಲೇತ್‌ಮಾವ · ಬುಧವಾರ, ರಾತ್ರಿ 9:31

ಭುಜವೂ ತಾಗಬೇಕು. ನಾನು ಎರಡನ್ನೂ ಒಟ್ಟಿಗೆ ತಾಗುವ ಹಾಗೆ ಕಡೆಯುತ್ತೇನೆ.

ಗರಗಸ · ಬುಧವಾರ, ರಾತ್ರಿ 9:33

ನೀವು ಹೇಗೆ ಕಡೆಯುತ್ತೀರಿ ಅಂತಲ್ಲ, ಅದನ್ನು ಮಾಡಿದವರು ಹೇಗೆ ಮಾಡಿದ್ದರು ಅನ್ನೋದು ಮಾತು.

ಹಳೇಕಬ್ಬಿಣ · ಬುಧವಾರ, ರಾತ್ರಿ 10:02

ನೀವಿಬ್ಬರೂ ಆ ಜಗಳ ಬೇರೆ ಕಡೆ ಆಡಿ. ಮರದಹಿಡಿಯವರೇ, ಹೆಡ್‌ಸ್ಪೇಸ್ ಅಳೆಯುವ ಗೋ ಗೇಜ್, ನೋ-ಗೋ ಗೇಜ್ ಎರಡೂ ಕೈಯಲ್ಲಿ ಇಲ್ಲದೆ ಗುಂಡು ಹಾಕಬೇಡಿ. ಬೋಲ್ಟ್‌ನ ಎಕ್ಸ್‌ಟ್ರಾಕ್ಟರ್ (ಖಾಲಿ ಕೋಶ ಎಳೆಯುವ ಕೊಕ್ಕೆ) ಬಿಚ್ಚಿ, ಎರಡು ಬೆರಳಲ್ಲಿ ಮುಚ್ಚಿ ನೋಡಿ. ಗೋ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಹೊಸ ಬ್ಯಾರೆಲ್‌ನ ಚೇಂಬರ್ ಪೂರ್ತಿ ಕೊರೆದಿರುವುದೋ, ಸ್ವಲ್ಪ ಬಿಟ್ಟಿರುವುದೋ?

ವೈಸ್‌ರಾಜ · ಗುರುವಾರ, ಬೆಳಿಗ್ಗೆ 7:05

ಫೋಟೋ ಹಾಕಿದ್ದೇನೆ. ಎಡಗಡೆಯ ಮೂರನೇ ಬುಶ್ ಹಿತ್ತಾಳೆಯದು.

ತುಕ್ಕುವೈರಿ · ಗುರುವಾರ, ಬೆಳಿಗ್ಗೆ 7:22

ಭಾರಿ ಕೆಲಸ! ಆ ಹಸಿರು ಬಣ್ಣ ಯಾವುದು?

ಮರದಹಿಡಿ · ಗುರುವಾರ, ರಾತ್ರಿ 9:15

ಸ್ವಲ್ಪ ಬಿಟ್ಟಿರುವುದಂತೆ, ಈಗ ಕವರ್ ಮೇಲೆ ಓದಿದೆ. ಗೋ ಗೇಜ್ ಮೇಲೂ ಬೋಲ್ಟ್ ಮುಚ್ಚುತ್ತಿಲ್ಲ. ಮಿಕ್ಕಿದ್ದನ್ನು ಕೊರೆದು ಮುಗಿಸುವ ರೀಮರ್ ನನ್ನ ಹತ್ತಿರ ಇಲ್ಲ. ಯಾರ ಹತ್ತಿರವಾದರೂ 8×57 ಫಿನಿಶಿಂಗ್ ರೀಮರ್ ಇದೆಯಾ?

ವೈಸ್‌ರಾಜ · ಗುರುವಾರ, ರಾತ್ರಿ 9:40

ಲೇತ್‌ಗೆ ಹೊಡೆದು ಮಿಕ್ಕಿದ ಪೇಂಟ್ ಅದು.