ಸಹಾಯ ಬೇಕು: ಪ್ರಾಣಿ ಕಲ್ಯಾಣ ಸಲಹಾ ಸಮಿತಿಗೆ ಹೊರಗಿನ ತಜ್ಞರು

ನಮ್ಮ ಸಂಸ್ಥೆಯಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಪರಿಶೀಲಿಸುವ 7 ಜನರ ಸಮಿತಿಯಲ್ಲಿ 3 ಸ್ಥಾನ ಹೊರಗಿನವರಿಗೆ. ಪಶುವೈದ್ಯರು, ಪ್ರಾಣಿ ವರ್ತನೆ ಬಲ್ಲವರು ಸಿಗುತ್ತಾರೆ, ಸಂಖ್ಯಾಶಾಸ್ತ್ರಜ್ಞರೇ ಸಿಗುತ್ತಿಲ್ಲ. ಅವರಿಲ್ಲದಿದ್ದರೆ ಪ್ರಯೋಗಕ್ಕೆ ಎಷ್ಟು ಪ್ರಾಣಿ ಬೇಕು ಎಂದು ಗಟ್ಟಿಯಾಗಿ ಕೇಳುವವರಿಲ್ಲ: ಹೆಚ್ಚಾದರೆ ಅನಗತ್ಯ ನೋವು, ಕಡಿಮೆಯಾದರೆ ಫಲಿತಾಂಶವನ್ನೇ ನಂಬಲಾಗದೆ ಎಲ್ಲ ಪ್ರಾಣಿಗಳೂ ವ್ಯರ್ಥ. ಯಾರಾದರೂ ಗೊತ್ತಿದ್ದರೆ ತಿಳಿಸಿ.

ಇನ್ನೊಂದು ತೊಡಕು. ಹಿತಾಸಕ್ತಿ ಘೋಷಣೆಯಲ್ಲಿ (ಸಂಸ್ಥೆಯೊಂದಿಗಿನ ನಂಟುಗಳನ್ನು ಸದಸ್ಯರು ಬರೆದುಕೊಡುವ ಪತ್ರ) ಕಳೆದ 3 ವರ್ಷಗಳ ಸಲಹಾ ಶುಲ್ಕ, ಷೇರು, ಅನುದಾನ, ಜಂಟಿ ಪ್ರಬಂಧ, ಕುಟುಂಬದವರ ಉದ್ಯೋಗ ಎಲ್ಲ ಕೇಳುತ್ತಿದ್ದೇವೆ. ಆದರೂ ಸಂಸ್ಥೆಗೆ ಔಷಧ ಪೂರೈಸುವ ಪಶುವೈದ್ಯರು ನುಸುಳಬಹುದು (ಸಂಬಳವಿಲ್ಲ, ಬಿಲ್ ಮಾತ್ರ ಇದೆ!). ಇಂಥ ನಂಟು ಬಯಲಾಗಲು ಪ್ರಶ್ನೆಯನ್ನು ಹೇಗೆ ಬರೆಯಬೇಕು?

ಅವಧಿ 3 ವರ್ಷ, ಒಮ್ಮೆ ಮಾತ್ರ ಮುಂದುವರಿಕೆ. ಮೂವರೂ ಒಟ್ಟಿಗೆ ಹೊರಹೋಗದಂತೆ ಸರದಿ. ಗೌರವಧನ ಸಭೆಗಿಷ್ಟೆಂದು ಮೊದಲೇ ನಿಗದಿ, ಇಲ್ಲವಾದರೆ ಹಣ ಕೈತಪ್ಪೀತೆಂಬ ಅಳುಕಿನಲ್ಲಿ ಭಿನ್ನಮತ ಬಾಯಿಗೇ ಬರುವುದಿಲ್ಲ. ಬಳಸಿ ನೋಡಿದ ಘೋಷಣಾ ಪತ್ರದ ನಮೂನೆ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.